ಗಾಲಿಗಳು ಉಂಡ ಎಣ್ಣೆ

ಊರಿನ ಹಿರಿಯರಾದ ಎಝೆಯವರೇ, ಈ ಸಭೆಯ ಅಧ್ಯಕ್ಷರೂ ನನ್ನ ತಮ್ಮನ ಮಗನೂ ಆದ ಎರೊಂಡು ಅವರೇ, ಆಬಾ ಪಟ್ಟಣದಿಂದ ಧೂಳು ಕುಡಿಯುತ್ತ ಬಂದಿರುವ ಅತಿಥಿಗಳೇ, ಹಿಂದಿನ ಬೆಂಚುಗಳಲ್ಲಿ ಮಡಿಲಿನ ಮೇಲೆ ಒನಕೆ ಇಟ್ಟುಕೊಂಡು ಕುಳಿತಿರುವ ನನ್ನ ಅಕ್ಕತಂಗಿಯರೇ, ಮತ್ತು ಊಟ ಯಾವಾಗ ಎಂದು ಅಡುಗೆಯ ಕಡೆಗೇ ಕಣ್ಣಿಟ್ಟಿರುವ ಎಲ್ಲ ಸಭಿಕರೇ,

ಅತಿಥಿಗಳ ಸ್ವಾಗತಕ್ಕೆ ಕೋಲಾ ಕಾಯಿ ಒಡೆದು ಹಂಚಿದ್ದಾಯಿತು, ಪ್ರಾರ್ಥನೆಯಾಯಿತು. ನಮ್ಮ ಉಮುಎಲೆ ಸಹಕಾರ ಎಣ್ಣೆ ಗಿರಣಿಯ ಹಸಿರು ಗುಂಡಿಯನ್ನು ಒತ್ತುವ ಗೌರವವನ್ನು ನನಗೆ ಕೊಟ್ಟಿದ್ದೀರಿ. ನನ್ನನ್ನು ಪರಿಚಯಿಸಿದವರು ‘ನಿವೃತ್ತ ಮುಖ್ಯೋಪಾಧ್ಯಾಯಿನಿ ಇಹುವೋಮ ಅವರು ಜ್ಞಾನದ ಸಾಗರ’ ಎಂದರು. ಸಾಗರವೂ ಅಲ್ಲ, ಹಳ್ಳವೂ ಅಲ್ಲ. ಸಿಕ್ಕಸಿಕ್ಕದ್ದಕ್ಕೆಲ್ಲ ‘ಇದು ಯಾಕೆ ಹೀಗೆ’ ಎಂದು ಕೇಳುವ ಚಟದ ಮುದುಕಿ ನಾನು. ಎರೊಂಡುವಿಗೆ ಈ ಚಟ ಗೊತ್ತು. ಅದಕ್ಕೇ ಬೆಳಿಗ್ಗೆಯೇ ಎಚ್ಚರಿಸಿದ. “ಅತ್ತೆ, ಮಷೀನ್ ಬಗ್ಗೆ ಎರಡು ಒಳ್ಳೆ ಮಾತಾಡಿ ಗುಂಡಿ ಒತ್ತಿಬಿಡಿ. ಹಳೇ ಪುರಾಣ ಬೇಡ. ಆಬಾದಿಂದ ದೊಡ್ಡವರು ಬಂದಿರ್ತಾರೆ.” ಆಗಲಿ ಮಗಾ, ಯಂತ್ರದ ಬಗ್ಗೆಯೇ ಮಾತಾಡುತ್ತೇನೆ.

ನಾನು ಚಿಕ್ಕವಳಿದ್ದಾಗ ಅಜ್ಜಿ ಅಹುನ್ನಾಳ ಬೆನ್ನು ಹಿಡಿದು ಅಕ್ವೆಟೆಯ ಹೊಳೆದಡದ ಸಂತೆಗೆ ಹೋಗುತ್ತಿದ್ದೆ. ಅಲ್ಲಿ ತಾಳೆ ಎಣ್ಣೆಯ ಪೀಪಾಯಿಗಳನ್ನು ದೋಣಿಗೆ ಉರುಳಿಸುತ್ತಿದ್ದರು. ಒಂದು ದೋಣಿ ಹೋದರೆ ಇನ್ನೊಂದು ಬರುತ್ತಿತ್ತು. ನೋಡಿ ನೋಡಿ ನಾನು ಕೇಳಿದೆ:

“ಅಜ್ಜೀ, ಬಿಳಿಯರು ಇಷ್ಟೊಂದು ಎಣ್ಣೆ ತಗೊಂಡೋಗಿ ಏನ್ಮಾಡ್ತಾರೆ?”

“ಎಣ್ಣೇಲಿ ಏನೇ ಮಾಡ್ತಾರೆ? ಸಾರು ಮಾಡ್ಕೊಂಡು ತಿಂತಾರೆ.”

“ಇಷ್ಟೊಂದು ಸಾರಾ?”

“ಅವರ ದೇಶದಲ್ಲಿ ವಿಪರೀತ ಚಳಿಯಂತೆ ಕಣೇ. ಚಳೀಲಿ ಹಸಿವು ನಿಲ್ಲಲ್ಲ.”

ಸಭಿಕರೇ, ಇದು ಅಜ್ಜಿಯೊಬ್ಬಳ ನಂಬಿಕೆಯಲ್ಲ, ಇಡೀ ಊರಿನ ನಂಬಿಕೆ. ತಾಳೆ ಮರವಿಲ್ಲದ ದೇಶದಲ್ಲಿ ಹುಟ್ಟಿದ ಆ ಜನರ ಬಗ್ಗೆ ನಮ್ಮ ಹೆಂಗಸರಿಗೆ ನಿಜವಾಗಿಯೂ ಕನಿಕರವಿತ್ತು. ಅಷ್ಟು ದೊಡ್ಡ ಮಡಕೆಯನ್ನು ಒಲೆಯಿಂದ ಇಳಿಸುವುದಕ್ಕೆ ಆ ಬಿಳಿ ಹೆಂಗಸರಿಗೆ ಎಷ್ಟು ಜನ ಸೊಸೆಯಂದಿರು ಬೇಕೋ ಎಂದು ಮಾತಾಡಿಕೊಳ್ಳುತ್ತಿದ್ದರು. ಹಾಗಾಗಿ, ಬಂದೂಕಿನವರನ್ನು ಹಿಂದಿಟ್ಟುಕೊಂಡು ಮೊದಲ ಬಿಳಿಯ ಅಧಿಕಾರಿ ನಮ್ಮೂರಿಗೆ ಬಂದಾಗ, ಹೊಸ ಸೊಸೆಯಾಗಿದ್ದ ನನ್ನ ಅಜ್ಜಿಯೂ ಸೇರಿ ಹೆಂಗಸರೆಲ್ಲ ಅವನಿಗೆ ಒಂದು ಮರ್ಯಾದೆ ಮಾಡಿದರು. ಮೇಲೆ ನಾಲ್ಕು ಬೆರಳು ಎಣ್ಣೆ ತೇಲುವ ಸಾರು ಮಾಡಿ ಬಡಿಸಿದರು. ಅವನು ಒಂದು ಗುಟುಕು ಕುಡಿದು, ಕೆಮ್ಮಿ, ಬಟ್ಟಲನ್ನು ಮೆಲ್ಲಗೆ ನಾಯಿಯ ಕಡೆಗೆ ಸರಿಸಿದನಂತೆ. ನನಗೆ ಸಾರಿನ ಉತ್ತರ ಕೊಟ್ಟ ಅಜ್ಜಿಗೇ ಅಂದಿನಿಂದ ಒಳಗೊಂದು ಅನುಮಾನವಿತ್ತು; ಸಾಯುವವರೆಗೂ ಈ ಕಥೆಯನ್ನು ಹೇಳಿ, ಕೊನೆಗೆ ನನ್ನ ಮುಖ ನೋಡುತ್ತಿದ್ದಳು. “ಎಣ್ಣೆ ಬೇಕು ಅಂತ ಬಂದೂಕು ಹಿಡ್ಕೊಂಡು ಬಂದೋನು ಎಣ್ಣೆ ಸಾರು ತಿನ್ನಲಿಲ್ಲ. ಮತ್ತೆ ತಿಂತಿದ್ದೋರು ಯಾರೇ? ನೀನು ಇಸ್ಕೂಲಿಗೆ ಹೋಗ್ತೀಯಲ್ಲ, ಕೇಳ್ಕೊಂಡು ಬಾ.”

ನಾನು ಕೇಳಿಕೊಂಡು ಬಂದೆ. ಸ್ವಲ್ಪ ತಡವಾಯಿತು, ಅಷ್ಟೆ.

ನಮ್ಮ ದೇಶಕ್ಕೆ ಸ್ವಾತಂತ್ರ್ಯ ಬರುವ ಮುಂಚೆ, ಶಿಕ್ಷಕರ ತರಬೇತಿಗೆಂದು ನನ್ನನ್ನು ಒಂದು ವರ್ಷ ಲಿವರ್‌ಪೂಲಿಗೆ ಕಳಿಸಿದ್ದರು. ಹೋಗುವಾಗ ನನಗೊಬ್ಬ ಗಂಡನಿದ್ದ. ಬರುವಷ್ಟರಲ್ಲಿ ಅವನಿಗೆ ಇನ್ನೊಬ್ಬ ಹೆಂಡತಿಯಿದ್ದಳು, ಆ ಮನೆಯಲ್ಲಿ ನನ್ನ ಒಲೆಯನ್ನೂ ಕಿತ್ತು ಹಾಕಿದ್ದರು. ಅದಿರಲಿ, ಅದು ಇವತ್ತಿನ ವಿಷಯವಲ್ಲ. ಅಲ್ಲಿನ ಊಟ ಸೇರದೆ ಒಂದು ದಿನ, ಮನೆಯಿಂದ ಒಯ್ದಿದ್ದ ಎಣ್ಣೆಯ ಬಾಟಲಿ ತೆಗೆದು, ಬಾಡಿಗೆ ಮನೆಯ ಅಡುಗೆ ಕೋಣೆಯಲ್ಲಿ ಸಾರಿಗೆ ಇಟ್ಟೆ. ಮನೆಯೊಡತಿಯ ತಂದೆ, ಟನ್‌ಸ್ಟಾಲ್ ಎಂಬ ಹಣ್ಣು ಹಣ್ಣು ಮುದುಕ, ಕೋಲೂರಿಕೊಂಡು ವಾಸನೆಯ ಜಾಡು ಹಿಡಿದು ಬಂದ. ಬಾಗಿಲಲ್ಲಿ ನಿಂತು ಮೂಗರಳಿಸಿದ.

“ಏನಮ್ಮಾ, ನನ್ನ ಅಡುಗೆಮನೇಲಿ ಗೂಡ್ಸ್ ಗಾಡಿ ತಂದು ನಿಲ್ಲಿಸಿದೀಯಾ?”

ಅವನು ಹುಡುಗನಾಗಿದ್ದಾಗ ರೈಲ್ವೆ ಯಾರ್ಡಿನಲ್ಲಿ ಕೆಲಸಕ್ಕಿದ್ದನಂತೆ. ಬಕೆಟ್ಟಿನಿಂದ ಹಳದಿ ಗ್ರೀಸನ್ನು ತೆಗೆದು ಗಾಡಿಗಳ ಅಚ್ಚಿಗೆ ತುಂಬುವುದೇ ಕೆಲಸ. ಆ ಗ್ರೀಸು ಆಫ್ರಿಕದ ತಾಳೆ ಎಣ್ಣೆಗೆ ದನದ ಕೊಬ್ಬು ಬೆರೆಸಿ ಮಾಡಿದ್ದು. ಅದರ ವಾಸನೆ ಅವನ ಮೂಗಿನಿಂದ ಹೋಗಿರಲಿಲ್ಲ.

“ಅಲ್ಲಮ್ಮಾ, ನಿಮ್ಮ ಕಡೆ ಗಾಡಿ ಗ್ರೀಸ್ ತಿಂತೀರಾ?” ಎಂದ.

“ಅಲ್ಲ ತಾತಾ, ನಿಮ್ಮ ಕಡೆ ನಮ್ಮ ಸಾರನ್ನ ಗಾಡಿಗೆ ಹಚ್ತಿದ್ರಾ?” ಎಂದೆ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ನಾನು ಅಲ್ಲೇ ಸ್ಟೂಲಿನ ಮೇಲೆ ಕುಳಿತೆ. ಅಜ್ಜಿಗೆ ಉತ್ತರ ಸಿಕ್ಕಿತ್ತು, ಕೇಳಲು ಅಜ್ಜಿ ಇರಲಿಲ್ಲ. ಮುದುಕ ಎರಡು ಬಟ್ಟಲು ಸಾರು ಕುಡಿದು, “ರುಚಿ ಗಾಡಿಗಳಿಗೇ ಮೊದಲು ಗೊತ್ತಾಗಿತ್ತು ನೋಡು” ಎಂದು ಹೋದ.

ಆಮೇಲೆ ಆ ವರ್ಷವಿಡೀ ಗ್ರಂಥಾಲಯದಲ್ಲಿ ಕುಳಿತು ಆ ಎಣ್ಣೆಯ ಜಾಡು ಹುಡುಕುವುದೇ ನನ್ನ ಕೆಲಸ. ಯಂತ್ರ ಎಂದರೇನು, ಸಭಿಕರೇ? ದಣಿಯದ ಆಳು. ದಣಿಯದವನು ಮಲಗುವುದಿಲ್ಲ; ಮಲಗದವನ ಹಸಿವು ನಿಲ್ಲುವುದಿಲ್ಲ. ಗಾಲಿ ಕಿರುಚದಿರಲು ಎಣ್ಣೆ ಬೇಕು. ಕಲ್ಲಿದ್ದಲಿನ ಮಸಿಯಲ್ಲಿ ಕಪ್ಪಾದ ಕೂಲಿಯವರ ಮೈ ತೊಳೆಯುವ ಸಾಬೂನಿಗೆ ಎಣ್ಣೆ ಬೇಕು. ಅವರ ಮೇಣದ ಬತ್ತಿಗೂ ಅದೇ ಎಣ್ಣೆ. ಇನ್ನು ಆ ಗಾಲಿಗಳು ತಿರುಗಿ ತಿರುಗಿ ಏನು ಮಾಡುತ್ತಿದ್ದವು? ಬಟ್ಟೆ ಮಾಡುತ್ತಿದ್ದವು. ನಮ್ಮ ಅಕ್ವೆಟೆಯ ಹೆಂಗಸು ಮಗ್ಗದ ಮುಂದೆ ತಿಂಗಳಿಡೀ ಕುಳಿತು ನೇಯುವಷ್ಟನ್ನು ಅವರ ಯಂತ್ರ ಒಂದು ಹೊತ್ತಿನಲ್ಲಿ ನೇಯುತ್ತಿತ್ತು. ಅಷ್ಟು ಬಟ್ಟೆಯನ್ನು ಉಡುವವರು ಯಾರು? ಅವರ ದೇಶದವರು ಎಷ್ಟೆಂದು ಉಟ್ಟಾರು? ಹಾಗಾಗಿ ಯಂತ್ರಕ್ಕೆ ಉಣಿಸುವವರೂ ಬೇಕಾದರು, ಉಡುವವರೂ ಬೇಕಾದರು. ಹತ್ತಿಗೆ ಈಜಿಪ್ಟ್, ಇಂಡಿಯಾ. ತವರಕ್ಕೆ ಮಲಯ. ರಬ್ಬರಿಗೆ ಕಾಂಗೋ, ಅಲ್ಲಿ ರಬ್ಬರು ಕಡಿಮೆ ತಂದವರ ಕೈಯನ್ನೇ ಕಡಿದರು. ಎಣ್ಣೆಗೆ ನಾವು.

ನನ್ನ ಕುತೂಹಲ ನಿಂತದ್ದು ಇನ್ನೊಂದು ಕಡೆ. ಬಿಳಿಯರು ಸಮುದ್ರದ ದಡದಲ್ಲಿ ಹೊಸಬರಲ್ಲ. ತಲೆತಲಾಂತರದಿಂದ ಹಡಗಿನಲ್ಲೇ ಕುಳಿತು ವ್ಯಾಪಾರ ಮಾಡುತ್ತಿದ್ದರು. ಎಣ್ಣೆಗೆ ಮುಂಚೆ ಮನುಷ್ಯರನ್ನೇ ಕೊಳ್ಳುತ್ತಿದ್ದರು, ಮಾರಿದವರಲ್ಲಿ ನಮ್ಮವರೂ ಇದ್ದರು. ಆದರೆ ಹೊಳೆ ಹತ್ತಿ ನಮ್ಮೂರ ತನಕ ಬಂದಿರಲಿಲ್ಲ. ಇದ್ದಕ್ಕಿದ್ದಂತೆ ಯಾಕೆ ಬಂದರು? ಅವರ ಅಜ್ಜಂದಿರು ಒಳ್ಳೆಯವರು, ಇವರು ಕೆಟ್ಟವರು ಅಂತಲೇ? ನನಗೆ ಹಾಗನ್ನಿಸಲಿಲ್ಲ. ಮನೆಯಲ್ಲಿ ಒಂದು ಹಸಿದ ಯಂತ್ರ ಕಟ್ಟಿಕೊಂಡಿದ್ದರು, ಅದು ಕಾಯುವುದಿಲ್ಲ. ನಡುವೆ ನಿಂತು ಬೆಲೆ ಕಟ್ಟುವ ನಮ್ಮ ದಡದ ವರ್ತಕರು ಅವರಿಗೆ ಗಂಟಲ ಮುಳ್ಳಾದರು. ಹೊಳೆಯಲ್ಲಿ ಏರಿ ಬರಲು ಉಗಿದೋಣಿಯನ್ನು ಕೊಟ್ಟದ್ದು ಅದೇ ಕಾರ್ಖಾನೆ, ಎದುರು ನಿಂತವರನ್ನು ಸುಡಲು ಬಂದೂಕು ಕೊಟ್ಟದ್ದೂ ಅದೇ. ದಡದ ವರ್ತಕರಲ್ಲಿ ದೊಡ್ಡವರಾದ ಓಪೋಬೋದ ದೊರೆ ಅಡ್ಡ ನಿಂತರು. ‘ಮಾತಾಡೋಣ, ಹಡಗಿಗೆ ಬನ್ನಿ, ಸುರಕ್ಷಿತವಾಗಿ ಕಳಿಸಿಕೊಡುತ್ತೇವೆ’ ಎಂದು ಬಿಳಿಯರು ಕರೆದರು. ಹೋದ ದೊರೆ ಪರದೇಶದಲ್ಲಿ ಸತ್ತು, ಹೆಣವಾಗಿ ಮರಳಿದರು. ಆಮೇಲೆ ನಮ್ಮೂರಿಗೆ ಸೈನಿಕರು, ರಸ್ತೆ, ರೈಲು. ರಸ್ತೆ ನಮಗೂ ಬೇಕಿತ್ತು, ನಿಜ. ಆದರೆ ಅದು ಯಾವ ಕಡೆಗೆ ಇಳಿಜಾರಾಗಿದೆ ನೋಡಿ, ಬಂದರಿನ ಕಡೆಗೆ.

ಈಗ ಬೀಜದ ಮಾತು. ಎರೊಂಡು ಗಡಿಯಾರ ನೋಡಿಕೊಳ್ಳುತ್ತಿದ್ದಾನೆ, ಬೇಗ ಮುಗಿಸುತ್ತೇನೆ.

ನಮ್ಮಲ್ಲಿ ತಾಳೆ ಹಣ್ಣಿನ ಎಣ್ಣೆ ಗಂಡಂದು, ಒಳಗಿನ ಬೀಜ ಹೆಂಡತಿದು. ಇದನ್ನು ಯಾವ ಸರ್ಕಾರವೂ ಬರೆದುಕೊಟ್ಟಿಲ್ಲ. ಮರ ಹತ್ತಿ ಗೊನೆ ಇಳಿಸುವವನು ಅವನು. ಅಂಗಳದಲ್ಲಿ ಕುಳಿತು ಕಲ್ಲಿನ ಮೇಲೆ ಬೀಜ ಒಡೆಯುವವಳು ಅವಳು. ಒಂದು ಕಾಲಕ್ಕೆ ಬೀಜ ಕೇಳುವವರೇ ಇರಲಿಲ್ಲ. ಆಮೇಲೆ ಆ ದೂರದ ಯಂತ್ರ ಬೀಜವನ್ನೂ ತಿನ್ನಲು ಕಲಿಯಿತು. ಬೆಲೆ ಬಂತು. ಬೆಲೆ ಬಂದ ವರ್ಷವೇ ನನ್ನ ತಾತ ನ್ವೋಗುವಿಗೆ, ಪಾಪ, ಬೀಜವೂ ಮರದಿಂದಲೇ ಬಂದದ್ದಲ್ಲವೇ ಎಂಬ ಜ್ಞಾನೋದಯವಾಯಿತು. ಅಜ್ಜಿ ಸಂತೆಗೆ ಹೋಗಿದ್ದಾಗ ಅವಳ ಬೀಜವನ್ನು ಮಾರಿಬಿಟ್ಟ.

ಮಾರನೆಯ ಬೆಳಿಗ್ಗೆ ಊರಿನ ಹೆಂಗಸರೆಲ್ಲ ತಲೆಗೆ ತಾಳೆ ಗರಿ ಕಟ್ಟಿ, ಒನಕೆ ಹಿಡಿದು, ತಾತನ ಅಂಗಳದಲ್ಲಿ ಬಂದು ಕುಳಿತರು. ಗಂಡಸು ತಪ್ಪಿದಾಗ ನಮ್ಮ ಹೆಂಗಸರು ಹೇಗೆ ಕೂರುತ್ತಾರೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಅವನ ಕಾಲು ಎಂಥ ಸಣಕಲು, ಅವನು ಹೇಗೆ ಗೊರಕೆ ಹೊಡೆಯುತ್ತಾನೆ, ಎಲ್ಲವನ್ನೂ ಹಾಡು ಕಟ್ಟಿ ಹಾಡಿದರು. ಒನಕೆಯಿಂದ ಗೋಡೆ ಕುಟ್ಟಿ ಮಣ್ಣು ಉದುರಿಸಿದರು. ತಾತ ಒಳಗಿನಿಂದಲೇ ಕೂಗಿದ, “ಸಾಕ್ರವ್ವಾ, ಬೀಜ ಅವಳ್ದೇ. ಎಂದೆಂದಿಗೂ ಅವಳ್ದೇ.” ಆಮೇಲೆ ತಾನೇ ಬೀಜ ಕೊಂಡು ತಂದು ಅವಳ ಬುಟ್ಟಿಗೆ ಸುರಿದ.

ಆ ಬೀಜದಿಂದಲೇ ನಾನು ಶಾಲೆಗೆ ಹೋದೆ. ‘ಹೆಣ್ಣಿಗ್ಯಾಕೆ ಓದು’ ಎಂದು ನನ್ನ ತಂದೆ ಕೈ ಚೆಲ್ಲಿದಾಗ ಅಜ್ಜಿ ಯಾರನ್ನೂ ಕೇಳಲಿಲ್ಲ, ಬೀಜ ಮಾರಿದಳು. ಲಿವರ್‌ಪೂಲಿನಿಂದ ಬಂದು, ಗಂಡನ ಮನೆಯ ಬಾಗಿಲಲ್ಲಿ ಪೆಟ್ಟಿಗೆ ಹಿಡಿದು ನಿಂತಿದ್ದೆನಲ್ಲ, ಆಗಲೂ ಕೆಲಸ ಸಿಗುವ ತನಕ ನನ್ನನ್ನು ಸಾಕಿದ್ದು ನನ್ನ ಹೆತ್ತವ್ವ ಒಡೆದ ಬೀಜ. ಇದನ್ನು ಹೇಳಬೇಕೆಂದುಕೊಂಡಿರಲಿಲ್ಲ. ಬಂದುಬಿಟ್ಟಿತು, ಇರಲಿ. ನಿಮ್ಮಲ್ಲಿ ಎಷ್ಟು ಜನರ ಶಾಲೆಯ ಅಂಗಿ ಅಮ್ಮನ ಬೀಜದ ದುಡ್ಡಿನದು? ಅಧ್ಯಕ್ಷರೇ, ನಿಮ್ಮದೂ ಅದೇ.

ಈಗ ಈ ಸುಂದರ ಯಂತ್ರ. ಕಳೆದ ವಾರ ಒಳಗೆ ಹೋಗಿ ಸುತ್ತ ತಿರುಗಿ ನೋಡಿದೆ. ಒಂದು ಕಡೆ ಇಡೀ ಗೊನೆ ಹಾಕಿದರೆ ಇನ್ನೊಂದು ಕಡೆ ಎಣ್ಣೆ ಬರುತ್ತದೆ. ಅಜ್ಜಿ ಇದ್ದಿದ್ದರೆ ತಟ್ಟಿ ತಡವಿ ನೋಡುತ್ತಿದ್ದಳು. ನನಗೂ ಇಷ್ಟವಾಯಿತು; ಎಣ್ಣೆಗಾಗಿ ಹಣ್ಣು ತುಳಿದು ತುಳಿದು ಸೊಂಟ ಬಿದ್ದವರನ್ನು ನಾನು ಕಂಡಿದ್ದೇನೆ. ಆದರೆ ನನ್ನ ಚಟ ಬಿಡಲಿಲ್ಲ, ಕೇಳಿದೆ.

“ಎರೊಂಡು, ಎಣ್ಣೆ ಈ ಕಡೆ ಬಂತು. ಬೀಜ ಎಲ್ಲಿಗೆ ಹೋಗುತ್ತೆ?”

“ಗಿರಣಿಗೇ ಸೇರುತ್ತೆ ಅತ್ತೆ. ಗೊನೆ ತಂದವನಿಗೆ ಒಟ್ಟಿಗೇ ದುಡ್ಡು ಕೊಟ್ಟುಬಿಡ್ತೀವಲ್ಲ.”

“ಹೆಂಗಸರ ಬೀಜಾನೂ ಸೇರಿಸೇನಪ್ಪಾ?”

“ಅದು ಸಣ್ಣ ವಿಷಯ ಬಿಡಿ. ಆಮೇಲೆ ಕೂತು ಮಾತಾಡೋಣ.”

ಎರೊಂಡು ಕೆಟ್ಟವನಲ್ಲ. ನಾನೇ ಎತ್ತಿ ಆಡಿಸಿದ ಮಗು. ಓಪೋಬೋದ ದೊರೆಯನ್ನು ಹಡಗಿಗೆ ಕರೆದ ಸಾಹೇಬನಂತೆ ಮೋಸದ ಮನಸ್ಸೂ ಅವನದಲ್ಲ. ಅದೇ ನನಗೆ ಭಯ, ಸಭಿಕರೇ. ಯಂತ್ರ ಮನೆಗೆ ಬಂದ ಮೇಲೆ ಒಳ್ಳೆಯವರೂ ಅದರ ಹಸಿವಿನ ಲೆಕ್ಕದಲ್ಲೇ ಮಾತಾಡತೊಡಗುತ್ತಾರೆ. ದೂರದ ಯಂತ್ರ ನಮ್ಮೂರನ್ನು ಹೇಗೆ ತಿಂದಿತೆಂದು ಮೂವತ್ತು ವರ್ಷ ಪಾಠ ಹೇಳಿದೆ. ನಮ್ಮದೇ ಯಂತ್ರ ನಮ್ಮದೇ ಹೆಂಗಸರ ಬುಟ್ಟಿಯನ್ನು ತಿನ್ನುವಾಗ ಗುಂಡಿ ಒತ್ತಿದ ಕೈ ನನ್ನದಾಗಬೇಕೇ?

ಗುಂಡಿಯನ್ನು ನಾನು ಸಂತೋಷದಿಂದ ಒತ್ತುತ್ತೇನೆ. ಮೊದಲು ಅಧ್ಯಕ್ಷರು ಇಲ್ಲಿಗೆ ಬಂದು, ಇದೇ ಮೈಕಿನಲ್ಲಿ, ಎಲ್ಲರಿಗೂ ಕೇಳುವಂತೆ ಬೀಜ ಯಾರದೆಂದು ಹೇಳಲಿ.

ಬೆಳಿಗ್ಗೆ ಅವನು ಇನ್ನೊಂದು ಮಾತು ಕೇಳಿದ್ದ. “ಅತ್ತೆ, ಹೆಂಗಸರೆಲ್ಲ ಒನಕೆ ತಂದಿದಾರಲ್ಲ, ಕುಣಿತ ಗಿಣಿತ ಇಟ್ಕೊಂಡಿದೀರಾ?” ಆಗ ನಾನು ನಕ್ಕು ಸುಮ್ಮನಾದೆ. ಈಗ ಉತ್ತರ ಹೇಳುತ್ತೇನೆ. ಬೀಜ ಹೆಂಗಸರದು ಎಂದರೆ ಕುಣಿತವೇ, ಮಗಾ; ನಾನೂ ಕುಣಿಯುತ್ತೇನೆ. ಅಲ್ಲ ಎಂದರೆ, ನಿನ್ನ ಅಂಗಳ ದೊಡ್ಡದಿದೆ, ಇಷ್ಟು ಜನ ಕೂರಬಹುದು.

ಇಷ್ಟು ಹೊತ್ತು ಹಸಿವು ತಡೆದು ಕೇಳಿದ್ದಕ್ಕೆ ನಿಮಗೆಲ್ಲ ನನ್ನ ಕೃತಜ್ಞತೆ. ಮೈಕು ಇಲ್ಲೇ ಇದೆ. ನಾನು ನನ್ನ ಕುರ್ಚಿಗೆ ಹೋಗಿ ಕಾಯುತ್ತೇನೆ. ನಮಸ್ಕಾರ.