ಪಡುಗೋಡೆಯ ಸೂರು

ಒಂದೂರಲ್ಲಿ ಒಬ್ಬ ಶ್ರೀಮಂತನಿದ್ದ ಎಂದು ಶುರುಮಾಡುತ್ತೇನೆ ಅಂದುಕೊಂಡಿರಾ? ಇಲ್ಲ. ಶ್ರೀಮಂತರ ಕಥೆ ಸಾಕಷ್ಟು ಕೇಳಿದ್ದೀರಿ. ಕಡಲ ದಂಡೆಯ ಒಂದೂರಲ್ಲಿ ಒಬ್ಬ ಮೀನು ಮಾರುವ ಹೆಂಗಸಿದ್ದಳು. ಹೆಸರು ಮೂಕಾಂಬು. ಗಂಡ ತೀರಿಕೊಂಡು ಎಂಟು ವರ್ಷ, ಮಕ್ಕಳಿಲ್ಲ. ತಲೆಯ ಮೇಲೆ ಬುಟ್ಟಿ ಹೊತ್ತು ನಾಲ್ಕು ಊರು ಸುತ್ತಿ ಬದುಕು ಮಾಡಿಕೊಂಡಿದ್ದಳು.

ಮೇ ತಿಂಗಳಲ್ಲಿ ಚಂಡಮಾರುತ ಬಂತು. ಅವಳ ಮನೆಯ ಮಾಡು ಹಾರಿತು, ಎರಡು ಗೋಡೆ ಬಿದ್ದವು. ಅವಳು ಶಾಲೆಯ ಕೋಣೆಯೊಂದರಲ್ಲಿ ಚಾಪೆ ಹಾಸಿದಳು. ಶಾಲೆಯವರು ಒಳ್ಳೆಯವರೇ. ಆದರೆ ಜೂನ್ ಮೊದಲ ಸೋಮವಾರ ಮಕ್ಕಳು ಬರುತ್ತಾರೆ, ಅಷ್ಟರಲ್ಲಿ ಕೋಣೆ ಬಿಡಬೇಕು ಎಂದಿದ್ದರು. ಅದರ ಹಿಂದೆಯೇ ಮಳೆಗಾಲ. ನೋಡಿ, ಅವಳಿಗೆ ಇದ್ದದ್ದು ಹದಿನೈದು ದಿನ.

ಆಗ ಬಯಲುಸೀಮೆಯ ಒಂದು ಕ್ರೈಸ್ತ ಸಭೆಯಿಂದ ಹನ್ನೊಂದು ಜನ ಬಂದರು. ಯಾರೂ ಕೂಲಿಗೆ ಬಂದವರಲ್ಲ. ಮುಂದಾಳು ಸಮುವೇಲಪ್ಪ ಮೇಸ್ತ್ರಿ. ಮೂವತ್ತು ವರ್ಷ ಕರಣಿ ಹಿಡಿದ ಕೈ, ಗಟ್ಟಿ ಮನುಷ್ಯ, ದೇವರಿಗೆ ಹೆದರುವವನು. ಬಸ್ಸಿನಲ್ಲಿ ಬರುವಾಗಲೇ ಎಲ್ಲರಿಗೂ ಒಂದು ನಿಯಮ ಹೇಳಿದ್ದ: ಮನೆ ಕಳೆದುಕೊಂಡವರಿಗೆ ನಮ್ಮಿಂದ ಕೂದಲೆಳೆಯಷ್ಟೂ ತೊಂದರೆ ಆಗಬಾರದು. ಅದಕ್ಕೇ ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಒಲೆ, ಪಾತ್ರೆ ಎಲ್ಲವನ್ನೂ ಹೊತ್ತು ತಂದಿದ್ದರು. ಒಳ್ಳೆಯ ನಿಯಮ ತಾನೇ? ನಾನೂ ಹಾಗೇ ಅಂದುಕೊಂಡೆ.

ಮೊದಲ ದಿನ ಮೂಕಾಂಬು ಸೆರಗು ಸಿಕ್ಕಿಸಿಕೊಂಡು ಬಂದು ಮರಳಿನ ಬುಟ್ಟಿಗೆ ಕೈ ಹಾಕಿದಳು. ಸಮುವೇಲಪ್ಪ ಓಡಿಬಂದು ಬುಟ್ಟಿ ಇಸಿದುಕೊಂಡ.

“ಬ್ಯಾಡ್ರೀ ಯಕ್ಕಾ! ನೀವು ಅನುಭವಿಸಿದ್ದ ಸಾಕು. ನೀವು ನೆಳ್ಳಾಗ ಕುಂದರ್ರಿ, ನಾವು ಅದೀವಲ್ಲ.”

ಒಂದು ಪ್ಲಾಸ್ಟಿಕ್ ಕುರ್ಚಿ ತಂದು ತೆಂಗಿನ ಮರದ ಕೆಳಗೆ ಹಾಕಿದರು. ಅವಳು ಕುಳಿತಳು. ಎರಡನೆಯ ದಿನ ಒಂದು ಗಡಿಗೆ ಬಂಗುಡೆ ಮೀನಿನ ಸಾರು ಮಾಡಿ ತಂದಳು. “ಅಯ್ಯ, ನಿಮಗ್ಯಾಕ ತ್ರಾಸು? ನಮ್ಮ ಬುತ್ತಿ ಐತಿ” ಎಂದು ಕೈಮುಗಿದು ವಾಪಸು ಕಳಿಸಿದರು. ಮೂರನೆಯ ದಿನದಿಂದ ಅವಳು ಏನೂ ತರಲಿಲ್ಲ. ಬೆಳಿಗ್ಗೆ ಬಂದು ಕೂರುವಳು, ಸಂಜೆ ಎದ್ದು ಹೋಗುವಳು. ದಾರಿಯಲ್ಲಿ ಹೋಗುವ ಹೆಂಗಸರು ಬಿಡುತ್ತಾರೆಯೇ?

“ಹ್ವಾಯ್ ಮೂಕಾಂಬು, ಯಾವಾಗ್ ತಾಸಿಲ್ದಾರ್ತಿ ಆದ್ದೆ? ನಮ್ಗೊಂದ್ ಅರ್ಜಿ ಕೊಡುಕಿತ್ತ್!”

ಅವಳು ನಗಲಿಲ್ಲ.

ಒಂಬತ್ತು ದಿನಕ್ಕೆ ಮನೆ ಎದ್ದಿತು. ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡು, ಹೊಸ ಬಾಗಿಲು. ಶನಿವಾರ ಬೆಳಿಗ್ಗೆ ಬಾಗಿಲಿಗೆ ರಿಬ್ಬನ್ ಕಟ್ಟಿ, ಪ್ರಾರ್ಥನೆ ಮಾಡಿ, ಸಮುವೇಲಪ್ಪ ಬೀಗದ ಕೈಯನ್ನು ತಟ್ಟೆಯಲ್ಲಿಟ್ಟು ಮುಂದೆ ಹಿಡಿದ. ಮಧ್ಯಾಹ್ನ ಅವರ ಬಸ್ಸು. ಭಾನುವಾರದ ಆರಾಧನೆಯಲ್ಲಿ ಅವರ ಸಭೆ ಹಾರ ಹಿಡಿದು ಕಾಯುತ್ತಿತ್ತು.

ಮೂಕಾಂಬು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

“ನಂಗ್ ಬ್ಯಾಡ.”

ಸಮುವೇಲಪ್ಪನಿಗೆ ಒಂದೇ ಕಾರಣ ಹೊಳೆಯಿತು.

“ನಾವು ಕ್ರೈಸ್ತರು ಅಂತೇನ್ರೀ ಯಕ್ಕಾ? ಪ್ರಾರ್ಥನಾ ಮಾಡಿದ್ದಕ್ಕ ಬ್ಯಾಸರ ಆತೇನು?”

“ದೇವ್ರ್ ಹೆಸ್ರ್ ಹೇಳ್ರೆ ಮನಿಗ್ ಎಂತ ಆತ್ತ್? ಇನ್ನೊಂದ್ಸಲ ಬೇಕಾರೂ ಹೇಳಿ. ಮನಿ ನಂದಲ್ಲ, ಅದ್ಕೆ ಬ್ಯಾಡ.”

ತಂಡದಲ್ಲಿ ಪೌಲಪ್ಪ ಎಂಬ ಗಾರೆಕೆಲಸದವನಿದ್ದ. ಅವನಿಗೆ ಸಿಟ್ಟು ಬಂತು. “ಒಂಬತ್ತು ದಿನ ಬಿಸಿಲಾಗ ಸುಟ್ಟೀವಿ. ನಿಮ್ಮದಲ್ಲ ಅಂದ್ರ ಮತ್ಯಾರದು, ನಮ್ಮ ಅಜ್ಜಂದೇನು?”

ಆಗ ಅವಳು ಹೇಳಿದ ಮಾತನ್ನು ಗಮನವಿಟ್ಟು ಕೇಳಿ. ಆ ದಂಡೆಯಲ್ಲಿ ಒಂದು ಪದ್ಧತಿ ಇದೆ. ಉದ್ದದ ಬಲೆಯನ್ನು ದೋಣಿಯಲ್ಲಿ ಒಯ್ದು ಕಡಲಲ್ಲಿ ಅರ್ಧಚಂದ್ರದ ಹಾಗೆ ಬಿಡುತ್ತಾರೆ. ಎರಡೂ ತುದಿಯ ಹಗ್ಗ ಹಿಡಿದು ಊರವರೆಲ್ಲ ದಡದಲ್ಲಿ ನಿಂತು ಎಳೆಯುತ್ತಾರೆ. ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಮೀನಿನಲ್ಲಿ ಪಾಲು. ಮುದುಕರಿಗೂ ಪಾಲು, ಹೆಂಗಸರಿಗೂ ಪಾಲು.

“ನನ್ ಗಂಡ ತೀರ್ಕಂಡ ತಿಂಗ್ಳೇ ನಾ ಹಗ್ಗಕ್ಕೆ ಹೋದೆ. ಕೈಯ್ಯಗ್ ಬಲ ಇಲ್ದೇ ತುದಿ ಹಿಡ್ಕಂಡ್ ನಿಂತದ್ದ್ ಅಷ್ಟೇ. ಆದ್ರೂ ಪಾಲ್ ಕೊಟ್ರ್. ದಡದಂಗೆ ಕೂತವ್ರಿಗೂ ಒಂದೆರ್ಡ್ ಮೀನ್ ಬಿಸಾಡ್ತ್ರ್. ಅದ್ ಪಾಲಲ್ಲ, ಕಾಕಿಗ್ ಹಾಕದ್ದ್. ಇಷ್ಟ್ ವರ್ಷ ನಾ ಕಾಕಿ ಆಗ್ಲಿಲ್ಲ. ನೀವ್ ಒಂಬತ್ತ್ ದಿನ ನನ್ನ ದಡದಂಗೆ ಕೂರ್ಸಿದ್ರಿ.”

ಕೇಳಿಸಿತೇ? ಹನ್ನೊಂದು ಒಳ್ಳೆಯ ಜನ ಸೇರಿ, ಒಳ್ಳೆಯ ಮನಸ್ಸಿನಿಂದ, ಒಬ್ಬ ಹೆಂಗಸನ್ನು ಕಾಗೆ ಮಾಡಿದ್ದರು.

ಸಮುವೇಲಪ್ಪ ಮೆತ್ತಗಾದ. “ಹಂಗಾರ ಈಗ ಒಂದು ಕಲ್ಲು ಮುಟ್ರಿ ಯಕ್ಕಾ. ಒಂದು ಹಂಚು ಎತ್ತಿ ಕೊಡ್ರಿ. ಆತಲ್ಲ?”

“ಮೀನ್ ದಡಕ್ ಬಂದ್ಮೇಲೆ ಹಗ್ಗ ಮುಟ್ಟುಕೆ ಬಂದವ್ರನ್ನ ನಾವ್ ಓಡ್ಸೂದ್” ಎಂದಳು.

ಅಲ್ಲಿಗೆ ಅವನ ಜಾಣತನ ಮುಗಿಯಿತು. ತಲೆಯ ಮೇಲಿನ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡ. ಮೂವತ್ತು ವರ್ಷದಲ್ಲಿ ಯಾವ ಮನೆಯವರನ್ನೂ ಕೇಳದ ಪ್ರಶ್ನೆಯನ್ನು ಅವತ್ತು ಕೇಳಿದ.

“ಯಕ್ಕಾ, ಈ ಮನಿಯೊಳಗ ನಾವು ಏನರ ತಪ್ಪು ಮಾಡೀವೇನ್ರೀ?”

ಅವಳು ಕುರ್ಚಿ ದಾಟಿಕೊಂಡು ಸೀದಾ ಮನೆಯ ಪಡುಬದಿಗೆ, ಕಡಲಿಗೆ ಮುಖ ಮಾಡಿದ ಗೋಡೆಯ ಹತ್ತಿರ ಹೋದಳು. ಎಲ್ಲರೂ ಹಿಂದೆಯೇ ಹೋದರು. ಮಾಡಿನ ಅಂಚಿಗೆ, ಸೂರಿಗೆ, ಬೆರಳು ಮಾಡಿದಳು.

“ಇದೆಂತ, ಗಿಡ್ಡ ಲಂಗ? ಇಷ್ಟೇ ಸೂರಿಗೆ ಇಲ್ಲಿನ್ ಮಳಿ ನಿಂತತ್ತಾ? ಗೋಡಿ ಎಂಟೇ ದಿನಕ್ ನೀರ್ ಕುಡ್ದ್ ಚಂಡಿ ಆತ್ತ್, ನಾ ಒಳ್ಗೂ ತಲಿ ಮೇಲ್ ಕೊಡಿ ಹಿಡ್ಕಂಡ್ ಕೂರ್ಕ್.”

ನೋಡಿ, ಬಯಲುಸೀಮೆಯಲ್ಲಿ ಮಳೆ ಮೇಲಿನಿಂದ ಬೀಳುತ್ತದೆ, ಅದೂ ಬಂದರೆ. ಕಡಲ ಮಳೆ ಅಡ್ಡಕ್ಕೆ ಹೊಡೆಯುತ್ತದೆ. ಸಮುವೇಲಪ್ಪ ತನ್ನ ಊರಿನ ಅಳತೆಯ ಸೂರನ್ನು ಈ ಊರಿನ ಗೋಡೆಗೆ ಇಳಿಸಿದ್ದ. ಅನುಭವ ಅವನನ್ನು ಕುರುಡ ಮಾಡಿತ್ತು.

“ಯಾವಾಗ ಕಂಡ್ರೀ ಇದನ್ನ?”

“ನಾಕ್ನೇ ದಿನವೇ.”

“ಹೇಳಬಾರದೇನ್ರೀ ಯಕ್ಕಾ?”

“ಕೂತ್ಕಣಿ ಅಂದ್ರಿ, ಕೂತ್ಕಂಡೆ.”

ಪೌಲಪ್ಪ ಮೊದಲು ನಕ್ಕ. ಆಮೇಲೆ ಎಲ್ಲರೂ ನಕ್ಕರು. ಸಮುವೇಲಪ್ಪ ಮಾತ್ರ ನಗಲಿಲ್ಲ. ಬಸ್ಸನ್ನು ವಾಪಸು ಕಳಿಸಿದ. ಪಡುಬದಿಯ ಹಂಚನ್ನೆಲ್ಲ ಇಳಿಸಿ, ಹಂಚು ಹೊರುವ ಪಕಾಸಿ ಮರಗಳಿಗೆ ಜೋಡು ಕೊಟ್ಟು, ಸೂರನ್ನು ಎರಡು ಮೊಳ ಮುಂದೆ ತರಬೇಕಾಗಿತ್ತು. ಭಾನುವಾರ ಎಂದೂ ಕರಣಿ ಮುಟ್ಟದವನು ಆ ಭಾನುವಾರ ಬೆಳಿಗ್ಗೆ ಮರಳ ಮೇಲೆ ಪ್ರಾರ್ಥನೆ ಮುಗಿಸಿ ಏಣಿ ಹತ್ತಿದ. ಅವರ ಊರಲ್ಲಿ ಹಾರ ಬಾಡಿದವು, ಬಾಡಲಿ.

ಮೂಕಾಂಬು ಈ ಸಲ ಕೂರಲಿಲ್ಲ. ಹಂಚು ಎತ್ತಿಕೊಟ್ಟಳು. ಅವಳನ್ನು ಹಾಸ್ಯ ಮಾಡಿದ್ದ ಹೆಂಗಸರನ್ನೇ ಕರೆತಂದು ಅಡ್ಡಮಳೆಗೆ ತಡೆಯಾಗಲೆಂದು ತೆಂಗಿನ ಗರಿಯ ತಟ್ಟಿ ಹೆಣೆದು ಗೋಡೆಗೆ ಒರಗಿಸಿದಳು. ಸುಮ್ಮನೆ ಹೆಣೆಯಲೂ ಇಲ್ಲ. “ಹ್ವಾಯ್ ಮೇಸ್ತ್ರಿ, ಆ ಪಕಾಸಿ ಬಗ್ಗಿತ್, ಕಣ್ಣಿಲ್ಯಾ?” ಎಂದು ಕೆಳಗಿನಿಂದ ಕೂಗುತ್ತಿದ್ದಳು. ಅವನು ಮೇಲಿನಿಂದ “ಆತ್ರೀ ಯಕ್ಕಾ” ಎಂದು ಸರಿಮಾಡುತ್ತಿದ್ದ. ಮಧ್ಯಾಹ್ನ ಅವಳ ಮೀನು ಸಾರಿಗೆ ಅವರ ಕಟಕ್ ರೊಟ್ಟಿ ಮುರಿದು ಹಾಕಿಕೊಂಡು ಎಲ್ಲರೂ ಒಟ್ಟಿಗೆ ಉಂಡರು. ಪೌಲಪ್ಪನ ಗಂಟಲಿಗೆ ಮುಳ್ಳು ಸಿಕ್ಕಿಕೊಂಡಿತು. ಅವಳೇ ಅನ್ನದ ಉಂಡೆ ನುಂಗಿಸಿ ಬದುಕಿಸಿದಳು. “ಮನಿ ಕಟ್ಟುಕೆ ಬತ್ತ್, ಮೀನ್ ತಿಂಬುಕೆ ಬತ್ತಿಲ್ಲ!” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳ ನಗುವನ್ನು ಅವರು ಕಂಡದ್ದು ಅದೇ ಮೊದಲು.

ಸೋಮವಾರ ಮಕ್ಕಳು ಬರುವ ಮೊದಲೇ ಶಾಲೆಯ ಕೋಣೆಯನ್ನು ಗುಡಿಸಿ ಚಾಪೆ ಸುತ್ತಿಕೊಂಡು ಬಂದಳು. ರಿಬ್ಬನ್ ಇರಲಿಲ್ಲ, ತಟ್ಟೆಯೂ ಇರಲಿಲ್ಲ. “ಎಲ್ಲಿ ನನ್ ಮನಿ ಕೀಲಿಕೈ?” ಎಂದು ತಾನೇ ಕೇಳಿ ಇಸಿದುಕೊಂಡಳು.

ಕಥೆ ಅಷ್ಟೇ. ಈಗ ಆರಾಧನೆಗೆ ಬಂದು ಕುಳಿತಿರುವ ನಿಮ್ಮ ಕಡೆಗೆ ಬರುತ್ತೇನೆ, ಅತ್ತಿತ್ತ ನೋಡಬೇಡಿ.

ನೀವು ಕೊಡುವವರೇ. ನಮ್ಮ ಸಭೆ ಕೈ ಬಿಗಿ ಹಿಡಿಯದ ಸಭೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೇಳುತ್ತೇನೆ: ನಾವು ತಿಂಗಳು ತಿಂಗಳು ಅಕ್ಕಿ ಕೊಡುವ ಮನೆಗಳಲ್ಲಿ ಯಾರನ್ನಾದರೂ, ಸಭೆಯವರೆಲ್ಲ ಒಟ್ಟಿಗೆ ಉಣ್ಣುವ ಪ್ರೀತಿಭೋಜನದ ಅಡುಗೆಗೆ ಕರೆದಿದ್ದೀರಾ? ಕ್ರಿಸ್‌ಮಸ್ಸಿಗೆ ಅವರು ಕರ್ಜಿಕಾಯಿ ಮಾಡಿ ತಂದರೆ “ನಿಮಗ್ಯಾಕೆ ತೊಂದರೆ” ಎನ್ನುತ್ತೀರಿ. ಅದನ್ನು ಪ್ರೀತಿ ಎಂದುಕೊಂಡಿದ್ದೀರಿ. ಕೇಳಿದವರ ಕಿವಿಗೆ ಅದು ಹೇಗೆ ಬೀಳುತ್ತದೆ, ಗೊತ್ತೇ? ನಿನ್ನ ಕೈಯದು ನಮಗೆ ಬೇಡ ಎಂದು ಬೀಳುತ್ತದೆ. ಮನೆಯಲ್ಲೂ ಅಷ್ಟೇ. ಕಾಯಿಲೆಯಿಂದ ಎದ್ದ ಅತ್ತೆ ಸೊಪ್ಪು ಹೆಚ್ಚಲು ಬಂದರೆ ಚಾಕು ಕಿತ್ತುಕೊಂಡು “ಸುಮ್ಮನೆ ಕೂತಿರಿ” ಎನ್ನುತ್ತೀರಿ. ಆಮೇಲೆ ಅತ್ತೆ ಮಾತಾಡುವುದಿಲ್ಲ ಎಂದು ನನ್ನ ಹತ್ತಿರ ಬಂದು ದೂರುತ್ತೀರಿ. ಯಾಕೆ ಮಾತಾಡುತ್ತಾರೆ, ಹೇಳಿ?

ಕೊಡುವುದು ಸುಲಭ. ಕೊಡುವಾಗ ನಾವು ಮೇಲೆ ನಿಂತಿರುತ್ತೇವೆ, ಗಾಳಿ ಚೆನ್ನಾಗಿ ಬೀಸುತ್ತದೆ. ತೆಗೆದುಕೊಳ್ಳಲು ಕೆಳಗೆ ಇಳಿಯಬೇಕು. ನಾವು ಯಾರಿಗೆ ಕೊಟ್ಟೆವೋ ಅವರಿಂದಲೇ ತೆಗೆದುಕೊಳ್ಳಲು ಇನ್ನೂ ಒಂದು ಮೆಟ್ಟಿಲು ಇಳಿಯಬೇಕು.

ಅದಕ್ಕೆ ಈ ವಾರದ ಕೆಲಸ ಹೇಳುತ್ತೇನೆ, ಮಾಡಿ ಬನ್ನಿ. ನೀವು ಸಹಾಯ ಮಾಡುತ್ತಿರುವ ಒಬ್ಬರ ಮನೆಗೆ ಬರಿಗೈಯಲ್ಲಿ ಹೋಗಿ. ಹೌದು, ಬರಿಗೈಯಲ್ಲಿ, ನಾಚಿಕೆಯಾಗುತ್ತದೆ, ಆಗಲಿ. ನಾನು ಮಾಡಿದ್ದರಲ್ಲಿ ಏನಾದರೂ ತಪ್ಪಾಗಿದೆಯೇ ಎಂದು ಕೇಳಿ. ಅವರು ಹೇಳಿದರೆ ಎದುರು ಮಾತಾಡದೆ ಪೂರ್ತಿ ಕೇಳಿಸಿಕೊಳ್ಳಿ. ಊಟಕ್ಕೆ ಕರೆದರೆ ಕೈತೊಳೆದು ಕುಳಿತುಕೊಳ್ಳಿ. ಖಾರ ಹತ್ತಿದರೆ ನೀರು ಕೇಳಿ. ಅವರೇ ಎದ್ದು ಹೋಗಿ ತಂದುಕೊಡಲಿ.