ಸೋಗೆ ಬಿದ್ದ ಸದ್ದು

ನಾನೆಲ್ಲಿ ಬೆಚ್ಚಿದೆ ಪವಿತ್ರಾ? ಲೋಟ ಸುಡ್ತಿತ್ತು, ಕಾಫಿ ಚೆಲ್ಲಿತು, ಅಷ್ಟೆ! ಕೂತ್ಕೋ. ಹೊರಗೆ ಬಿದ್ದಿದ್ದು ಪಾಮ್ ಮರದ ಸೋಗೆ. ಬಾಟಲ್ ಪಾಮು. ನೀನು ಮದುವೆಯಾಗಿ ಬಿಟ್ಟಂಗಾಲಕ್ಕೆ ಹೋದ ಮೇಲೆ ಬಂದಿದ್ದು, ನಿಂಗೇನು ಗೊತ್ತು... ಎಸ್ಟೇಟ್ ಅಮ್ಮ ಉಷಾರಾಣಿಗೆ ರೆಸಾರ್ಟ್ ಮಾಡೋ ಹುಚ್ಚು. ನೆರಳಿನ ಮರ ಕಡಿಸಿ, ಬೆಳೆದ ಪಾಮನ್ನೇ ಲಾರೀಲಿ ತರಿಸಿ, ನಮ್ಮ ಕೂಲಿಯೋರ ಲೈನ್‌ಮನೆ ಮುಂದಿಂದ ಗೇಟಿನ ತನಕ ಸಾಲಾಗಿ ನಿಲ್ಲಿಸಿದ್ಳು. ತಿನ್ನೋಕೆ ಕಾಯಿಲ್ಲ, ಕೂರೋಕೆ ನೆರಳಿಲ್ಲ! ಹೊಟ್ಟೆ ಬಂದ ಮದುಮಗನ ಹಾಗೆ ನಿಂತಿವೆ. ತಂದೋನು ನರ್ಸರಿ ನವೀನ್‌ಕುಮಾರ. ಬೇರು ಹಿಡೀತಾ ಅಂತ ನೋಡೋಕೆ ಬಂದೋನು ಅಮ್ಮನ ಊಟದ ಮೇಜಿನ ತನಕ ಬಂದ, ಆಮೇಲೆ... ಯಾಕೆ ಮುಖ ತಿರುಗಿಸ್ತೀಯ? ಮಜಾ ಇರೋದೇ ಇನ್ನು ಮುಂದೆ!

ಬೇಡ್ವಾ? ...ಅಪ್ಪನ ಮಾತೇ ಬೇಕಾ ನಿಂಗೆ.

ಈ ಹುಚ್ಚಮ್ಮ ಏನು ಹೇಳಲಿ ಮಗಾ. ನಿಮ್ಮಪ್ಪ ಬೋಜನ್ನ ಆನೆ ತುಳಿದ ದಿನ ನಾನು ಬಾಳೆಲೆ ಊರಲ್ಲಿದ್ದೆ, ತಂಗಿ ಮನೇಲಿ. ಎಲ್ಲರಿಗೂ ಹೇಳಿದೀನಲ್ಲ! ನಿಮ್ಮಪ್ಪನ ಕಿವಿ ಕಾಡಿನ ಕಿವಿ. ಬಿದಿರು ಮುರಿದ್ರೆ ಆನೆ, ತರಗೆಲೆ ಸರಿದ್ರೆ ಹಂದಿ, ಅಂತ ಕೂತಲ್ಲೇ ಹೇಳೋನು. ಅಂಥೋನು ಹೋಗಿ ಆನೆ ಎದುರಿಗೇ ಬಿದ್ನಲ್ಲ, ಕುಡಿದಿದ್ದ ಅಂತಾರೆ ಊರೋರು. ಥೂ, ಅವರ ಬಾಯಿಗೆ ಮಣ್ಣು ಬೀಳ! ಒಂದು ತೊಟ್ಟು ಮುಟ್ಟಿರಲಿಲ್ಲ ಅವತ್ತು... ಈ ಪಾಮು ಬಂದ ಮೇಲೆ ಲೈನಿನೋರ ಕಿವಿನೇ ಸತ್ತೋಯ್ತು ಮಗಾ. ಯಾವಾಗ ನೋಡಿದ್ರೂ ಧೊಪ್ಪಂತ ಸೋಗೆ ಬೀಳ್ತದೆ. ಮೊದಮೊದಲು ಎಲ್ಲ ಓಡಿ ಬರ್ತಿದ್ವಿ. ಆಮೇಲೆ ಯಾರೂ ತಲೆ ಕೂಡ ಎತ್ತಲ್ಲ. ಅವತ್ತು ಸಂಜೆ ಹಸು ಬಂದಿಲ್ಲ ಅಂತ ಹೊರಟ. ಧೊಪ್ಪಂತು. ಮೆಟ್ಟಿಲ ಮೇಲೇ ನಿಂತ. 'ಅದೇನು ಹುಚ್ಚಮ್ಮಕ್ಕ, ಆನೆಯಾ?' ಅಂದ. 'ಸೋಗೆ ಕಣೋ! ಗಂಡಸಾಗಿ ಸೋಗೆಗೆ ಹೆದರ್ತೀಯಲ್ಲೋ, ಹೋಗು' ಅಂತ...

ಅಂತ ಯಾರೋ ಅಂದ್ರಂತೆ.

ಯಾಕೆ ಹಾಗೆ ನೋಡ್ತೀಯ? ಬಾಳೆಲೆಗೆ... ಅವತ್ತು ಬಸ್ಸು... ಅಯ್ಯೋ, ಏನಾದ್ರೂ ಅನ್ನೇ! ಬೇಕಾದ್ರೆ ಊರೆಲ್ಲ ಕೂಗಿ ಸಾರು, ಮುಖಕ್ಕೆ ಉಗಿ. ಬಾಯಿ ಮುಚ್ಕೊಂಡು ಮಾತ್ರ ಕೂರಬೇಡ ಕೂಸೇ.

ನಿಮ್ಮಪ್ಪನೂ ಹಿಂಗೇ... ಏನೂ ಅನ್ನದೆ ಒಂದ್ಸಲ ನನ್ನ ಮುಖ ನೋಡಿದ. ನೋಡಿ, ಮೆಟ್ಟಿಲಿಳಿದ.