ಅಚ್ಚುಕಟ್ಟು ಲಾಯದ ಅಧ್ಯಕ್ಷರಿಗೆ ಎರಡು ಮಾತು

ಬಹುಮಾನದ ಪೊರಕೆಯನ್ನು ಹಿಡಿದು ಕುಳಿತಿರುವ ಅಧ್ಯಕ್ಷರಾದ ತ್ಯಾರ್ಕ್ ಉಕೇನಾ ಅವರೇ, ಪಕ್ಕದಲ್ಲಿ ಉಸಿರು ಬಿಗಿಹಿಡಿದು ಕುಳಿತಿರುವ ಅವರ ಪತ್ನಿ ಶ್ರೀಮತಿ ಫೋಲ್ಕೆಯವರೇ, ಜಿಲ್ಲೆಯಿಂದ ಬಂದ ತೀರ್ಪುಗಾರರೇ, ಭಾಷಣ ಮುಗಿದರೆ ಚಹಾ ಉಂಟೆಂಬ ಒಂದೇ ನಂಬಿಕೆಯ ಮೇಲೆ ಕುಳಿತಿರುವ ಸಭಿಕರೇ,

ನಮ್ಮ ಕಡಲತೀರದ ಇಡೀ ಪೂರ್ವ ಫ್ರೀಸಿಯಾ ಸೀಮೆಯಲ್ಲೇ ಅತ್ಯಂತ ಅಚ್ಚುಕಟ್ಟಾದ ಲಾಯವೆಂಬ ಬಹುಮಾನ ನಮ್ಮ ಸವಾರಿ ಸಂಘಕ್ಕೆ ಈ ವರ್ಷವೂ ಬಂದಿದೆ. ಅಧ್ಯಕ್ಷರನ್ನು ಅಭಿನಂದಿಸುವ ಭಾರ ಹಿರಿಯ ಸದಸ್ಯೆಯೆಂದು ಗೇಷೆ ಐಲರ್ಸ್ ಎಂಬ ನನ್ನ ಮೇಲೆ ಬಿದ್ದಿದೆ. ಬೀಳಿಸಿದವರು ಈಗ ಅನುಭವಿಸಲಿ.

ಅವರ ಸಾಧನೆ ಸಾಮಾನ್ಯವೇ? ಸಂಜೆ ಒಣಹುಲ್ಲು ಕೊಡವಿ ಹಾಕಿದ ಕೂಡಲೇ ಲಾಯದ ನಡುಹಾದಿಯನ್ನು ಗುಡಿಸಬೇಕು. ನೀರು ಚಿಮುಕಿಸಕೂಡದು, ಕಲ್ಲಿನ ಮೇಲೆ ಕಲೆ ಉಳಿಯುತ್ತದೆ. ಕಿಟಕಿ ತೆರೆಯಕೂಡದು, ಸಮುದ್ರದ ಗಾಳಿ ಬಂದು ಗುಡಿಸಿದ್ದನ್ನೆಲ್ಲ ಕೆಡಿಸುತ್ತದೆ. ಕುದುರೆಗಳು ಒಳಗೇ ಇರಬೇಕು, ಹೊರಗೆ ಹೋದರೆ ಗೊರಸಿಗೆ ಕೆಸರು. ಹಾಗಾದರೆ ಎದ್ದ ಧೂಳು ಎಲ್ಲಿಗೆ ಹೋಯಿತು? ನೆಲದ ಮೇಲಂತೂ ಇಲ್ಲ, ತೀರ್ಪುಗಾರರು ಬಗ್ಗಿ ಬೆರಳಾಡಿಸಿ ನೋಡಿದ್ದಾರೆ. ಕುದುರೆಯ ಎದೆಯೊಳಗೆ ಬೆರಳಾಡಿಸುವ ಪದ್ಧತಿ ಸ್ಪರ್ಧೆಯಲ್ಲಿಲ್ಲ. ಬೇರೆ ಅಧ್ಯಕ್ಷರು ಕಣ್ಣಿಗೆ ಮಣ್ಣೆರಚುತ್ತಾರೆ. ನಮ್ಮವರು ನೇರ ಮನುಷ್ಯರು, ಮೂಗಿಗೇ ಎರಚುತ್ತಾರೆ. ಗುಡಿಸಿ ಗುಂಡಾಂತರ ಮಾಡುವುದು ಎಂಬ ಮಾತಿಗೆ ಇಷ್ಟು ಶುದ್ಧವಾದ ಅರ್ಥ ಬೇರೆಲ್ಲಿ ಸಿಕ್ಕೀತು?

ನನ್ನ ಕುದುರೆಯ ಹೆಸರು ಪಾಸ್ಟರ್. ಕಪ್ಪು ಮೈ, ಕುತ್ತಿಗೆಯಲ್ಲಿ ಬಿಳಿ ಪಟ್ಟಿ, ಥೇಟು ಪಾದ್ರಿ. ಉಪದೇಶಕ್ಕೆ ಮುಂಚೆ ಗಂಟಲು ಸರಿಮಾಡಿಕೊಳ್ಳುವಂತೆ ಒಂದು ಚಳಿಗಾಲದಲ್ಲಿ ಕೆಮ್ಮತೊಡಗಿದ. ಉಪದೇಶ ಬರಲಿಲ್ಲ, ಕೆಮ್ಮು ನಿಲ್ಲಲಿಲ್ಲ. ಉಸಿರು ಬಿಡಲು ತಿಣುಕುವಾಗ ಹೊಟ್ಟೆಯ ಪಕ್ಕದಲ್ಲಿ ಗೆರೆ ಬೀಳುತ್ತಿತ್ತು. ನಮ್ಮ ಅಧ್ಯಕ್ಷರ ಎದುರು ಯಾರೂ ಕೆಮ್ಮುವ ಹಾಗಿಲ್ಲವೆಂಬುದು ಪಾಪ, ಅವನಿಗೆ ತಿಳಿಯದು. ಅಧ್ಯಕ್ಷರು ನನ್ನನ್ನು ಪಕ್ಕಕ್ಕೆ ಕರೆದರು.

"ನೋಡಿ ಐಲರ್ಸಮ್ಮಾ, ಅದಕ್ಕೆ ವಯಸ್ಸಾಯ್ತು. ಬಂದವ್ರು ಕೇಳಿದ್ರೆ ಲಾಯಕ್ಕೇ ರೋಗ ಅಂದ್ಕೋತಾರೆ. ಸುಮ್ನೆ ಯಾಕೆ ನರಳಿಸ್ತೀರಿ? ಒಂದು ಸೂಜಿ ಹಾಕ್ಸಿ ಮುಗಿಸ್ಬಿಡಿ."

ಆಗ ಅಧ್ಯಕ್ಷರಿಗೂ ಅರವತ್ತೆಂಟು. ಸೂಜಿಯ ಮಾತು ನಾನು ಎತ್ತಲಿಲ್ಲ.

ಔಷಧದ ಅಂಗಡಿಯಲ್ಲಿ ಜೀವಮಾನವಿಡೀ ಕೆಮ್ಮಿನ ಸಿರಪ್ಪು ಮಾರಿದವಳು ನಾನು. ನನ್ನ ಗಂಡ ಹಿಂಡೆರ್ಕ್ ಕೆಮ್ಮಿದಾಗ ಅದೇ ಬಾಟಲಿ ಕೊಟ್ಟು ಪಕ್ಕದ ಕೋಣೆಗೆ ಕಳಿಸಿದ್ದೆ. ಪಾಸ್ಟರ್ ಕೆಮ್ಮಿದಾಗ ಪಶುವೈದ್ಯೆಯನ್ನು ಕರೆಸಿ, ನಾನೇ ಲಾಯದಲ್ಲಿ ಮಲಗಿದೆ. ಹಿಂಡೆರ್ಕ್ ಈ ವ್ಯತ್ಯಾಸವನ್ನು ಗಮನಿಸಿದ್ದಾನೆ. ಇರಲಿ, ಅದು ಮನೆಯ ವಿಷಯ.

ವೈದ್ಯೆ ಇಮ್ಕೆ ಅವರು ಎದೆಗೆ ಕೊಳವೆಯಿಟ್ಟು ಕೇಳಿದರು, ಮುಚ್ಚಿದ ಕಿಟಕಿ ನೋಡಿದರು, ನಮ್ಮ ಪ್ರಶಸ್ತಿಗಳ ಸಾಲು ನೋಡಿದರು. "ವಯಸ್ಸಲ್ಲ ಮೇಡಂ, ಇದು ಧೂಳಿನ ಕಾಯಿಲೆ. ಪೂರ್ತಿ ಹೋಗಲ್ಲ, ಹತೋಟಿಗೆ ಬರುತ್ತೆ. ನೀವು ಈ ಕಡೆಯಿಂದ ಔಷಧಿ ಕುಡಿಸ್ತಾ ಇರಿ, ನಿಮ್ಮ ಅಧ್ಯಕ್ಷರು ಆ ಕಡೆಯಿಂದ ಗುಡಿಸ್ತಾ ಇರ್ಲಿ. ಯಾರು ಗೆಲ್ತಾರೋ ನೋಡೋಣ," ಎಂದರು.

ನಾನು ಪಂದ್ಯ ಬಿಟ್ಟು ಪಾಸ್ಟರನನ್ನು ನಮ್ಮ ಮನೆ ಹಿಂದಿನ ಹುಲ್ಲುಗಾವಲಿಗೆ ಒಯ್ದೆ. ಅಲ್ಲೊಂದು ಕೊಟ್ಟಿಗೆ, ಅದಕ್ಕೆ ಒಂದು ಕಡೆ ಗೋಡೆಯೇ ಇಲ್ಲ. ಹುಲ್ಲನ್ನು ತೊಟ್ಟಿಯಲ್ಲಿ ನೆನೆಸಿ ಕೊಟ್ಟೆ. ಮಲಗಲು ಒಣಹುಲ್ಲಿನ ಬದಲು ಧೂಳು ತೆಗೆದ ಮರದ ಸಿಪ್ಪೆ ಹಾಸಿದೆ. ಸಂಘದವರು ಬೇಲಿಯಾಚೆ ನಿಂತು, ಐಲರ್ಸಮ್ಮ ಕುದುರೆಗೂ ಚಹಾ ಸೋಸುತ್ತಾರೆಂದು ನಕ್ಕರು. ನಗಲಿ, ನಗುವುದಕ್ಕೂ ಶುದ್ಧ ಗಾಳಿ ಬೇಕು. ವಸಂತ ಬರುವ ಹೊತ್ತಿಗೆ ಕೆಮ್ಮು ಹೆಚ್ಚುಕಡಿಮೆ ನಿಂತಿತು. ಸಾಯಬೇಕಾಗಿದ್ದವನು ನಿನ್ನೆ ಬೇಲಿ ಮುರಿದಿದ್ದಾನೆ. ನಾನೂ ಹಿಂಡೆರ್ಕನೂ ಆನಂದದಿಂದ ರಿಪೇರಿ ಮಾಡಿದೆವು.

ಈಚೆಗೆ ಅಧ್ಯಕ್ಷರ ಸ್ವಂತ ಕುದುರೆ ಗ್ರೇಫಿನ್, ಅಂದರೆ ದೊರೆಸಾನಿ, ಕೂಡ ಕೆಮ್ಮುತ್ತಿದ್ದಾಳೆ. ಅಧ್ಯಕ್ಷರ ಪ್ರಕಾರ ಅದು ಕೆಮ್ಮಲ್ಲ, ಗತ್ತು. ಆದ್ದರಿಂದ ಅಧ್ಯಕ್ಷರೇ, ಸನ್ಮಾನ ಮುಗಿಸಿ ಲಾಯಕ್ಕೆ ಹೋದಾಗ ಅವಳು ಕಾಣದಿದ್ದರೆ ಪೊಲೀಸರನ್ನು ಕರೆಯಬೇಡಿ. ಇವತ್ತು ಬೆಳಿಗ್ಗೆ ಫೋಲ್ಕೆಯವರೇ ಹಗ್ಗ ಹಿಡಿದು ನಮ್ಮಲ್ಲಿಗೆ ಕರೆತಂದರು.

"ಇವ್ರಿಗೆ ಸದ್ಯ ಹೇಳ್ಬೇಡಿ ಗೇಷೆ. ಹಾರ ಹಾಕಿಸ್ಕೊಳ್ಳೋವರ್ಗೂ ಸುಮ್ನಿರಿ," ಅಂದರು.

ಕ್ಷಮಿಸಿ ಫೋಲ್ಕೆ, ಮೈಕು ಕೈಗೆ ಬಂದರೆ ನನಗೆ ತಡೆಯಲಾಗದು. ಅಧ್ಯಕ್ಷರೇ, ಬೇಸರ ಬೇಡ. ಒಂದು ಕುದುರೆ ಹೋದರೆ ಲಾಯ ಅಷ್ಟು ಹೆಚ್ಚು ಚೊಕ್ಕಟ. ಹೀಗೇ ನಡೆದರೆ ಬರುವ ವರ್ಷ ಒಳಗೆ ಒಂದೂ ಇರುವುದಿಲ್ಲ, ಬಹುಮಾನಕ್ಕೆ ನಮಗೆ ಎದುರಾಳಿಯೂ ಇರುವುದಿಲ್ಲ. ಗ್ರೇಫಿನ್‌ಳನ್ನು ನೋಡಬೇಕೆನಿಸಿದರೆ ಬನ್ನಿ, ಕೈಯಲ್ಲಿರುವ ಪೊರಕೆಯನ್ನು ಗೇಟಿನ ಹೊರಗೇ ಇಟ್ಟು ಬನ್ನಿ.

ಕೇಳಿದ್ದಕ್ಕೂ, ನಡುವೆ ಕೆಮ್ಮದೆ ಇದ್ದದ್ದಕ್ಕೂ ನಿಮಗೆಲ್ಲ ವಂದನೆ. ನಮಸ್ಕಾರ.